ಮಾಸ್ತರ್ರ ಬಸ್ಕಿ

ಜಿಮ್ ನಡೆಸುವವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದು ಚಪ್ಪಲಿ ಬಿಟ್ಟು ತಾನೇ ಒಳಗೆ ಬರುತ್ತದೆ. ಕೊಪ್ಪಳದ ನನ್ನ ಪುಟ್ಟ ಜಿಮ್‌ಗೆ ಒಂದು ದಿನ ನನಗೆ ಸಾಲಿಯಲ್ಲಿ ಕನ್ನಡ ಕಲಿಸಿದ ಮಾಸ್ತರ್ರೇ ಬಂದರು. ನಿವೃತ್ತರಾಗಿದ್ದರು.

"ಮೊಣಕಾಲು ಕೈ ಕೊಟ್ಟಾವಪಾ. ನೆಲಕ್ಕ ಕುಂಡ್ರಾಕ ಆಗವಲ್ದು. ವ್ಯಾಯಾಮ ಮಾಡು ಅಂದಾರ ಡಾಕ್ಟರು."

ಹೆಂಡತಿ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಎದುರಾಬದುರು ಕೂತು ಉಣ್ಣುವುದು ಮದುವೆಯಾದಾಗಿನಿಂದ ಅವರ ರೂಢಿ. ಈಗ ಪಡಸಾಲೆಯಲ್ಲಿ ಕುರ್ಚಿ. "ರೊಟ್ಟಿ ಬರ್ತೈತಿ, ಆಕಿ ಬರೂದಿಲ್ಲ" ಎಂದು ತಲೆ ತಗ್ಗಿಸಿದರು.

ಕಿವಿ

"ಬಸ್ಕಿಯಿಂದ ಶುರು ಮಾಡೂಣ್ರಿ ಸರ್" ಅಂದೆ. ಮಾಸ್ತರ್ರು ಥಟ್ಟನೆ ಎರಡೂ ಕಿವಿ ಹಿಡಿದುಕೊಂಡರು.

"ಕಿವಿ ಬಿಡ್ರಿ ಸರ್."

"ಕಿವಿ ಹಿಡೀಲಾರದ್ದು ಎಂಥಾ ಬಸ್ಕಿಯೋ?" ಎಂದು ಗದರಿದರು.

ಆ ದನಿ ಕೇಳಿದ್ದೇ ತಡ, ಮೂಲೆಯಲ್ಲಿ ಡಂಬಲ್ಸ್ ಎತ್ತುತ್ತಿದ್ದ ಅವರ ಇನ್ನೊಬ್ಬ ಹಳೇ ಶಿಷ್ಯ, ಈಗ ಪೊಲೀಸ್ ಹವಾಲ್ದಾರ, ತಾನೂ ಕಿವಿ ಹಿಡಿದು ನಿಂತ. "ನಾ ಏನೂ ಮಾಡಿಲ್ರಿ ಸರ್!"

ವ್ಯಾಕರಣ

ಕೂರಲು ಹೋದರೆ ಮಾಸ್ತರ್ರ ಹಿಮ್ಮಡಿ ಮೇಲೇಳುತ್ತಿತ್ತು, ಮೊಣಕಾಲು ಒಳಕ್ಕೆ ವಾಲುತ್ತಿದ್ದವು. ಹಿಂದೆ ಸ್ಟೂಲ್ ಇಟ್ಟೆ. ಮೊದಲು ಕುಂಡಿ ಹಿಂದಕ್ಕೆ ಹೋಗಬೇಕು, ಆಮೇಲೆ ಮೊಣಕಾಲು ಮಡಚಬೇಕು. ಬೇರೆಯವರಿಗಾದರೆ ಸಲೀಸಾಗಿ ಹೇಳುತ್ತೇನೆ. ಗುರುಗಳಿಗೆ ಹೇಗೆ ಹೇಳುವುದು?

"ಸರ್, ತಮ್ಮ ಪೃಷ್ಠಭಾಗವನ್ನು..."

"ಕುಂಡಿ ಅನ್ನೋ! ನಾಚಿಕಿ ಯಾಕ? ನಿಂದಕ್ಕ ನಾ ಎಷ್ಟು ಬಾರಿಸೀನಿ!"

ಬಾಗಿಲು

ಮನೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಧಾನ ಇಳಿಯಿರಿ, ನಿಧಾನ ಏಳಿರಿ ಎಂದಿದ್ದೆ. ಹೆಂಡತಿಗೆ ಅವರು ಏನೂ ಹೇಳಿರಲಿಲ್ಲ. ಆಸೆ ಹುಟ್ಟಿಸಿ ಕೊನೆಗೆ ಆಗದಿದ್ದರೆ ಆಕೆ ನೊಂದಾಳು ಎಂಬ ಅಂಜಿಕೆ. ಒಂದು ದಿನ ಮಾಸ್ತರ್ರ ಹೆಂಡತಿ, ನಮ್ಮ ಅಮ್ಮಾರು, ಸಂತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

"ತಮ್ಮಾ, ದೇವರ ಮನಿ ಕಡೆ ಹೊಳ್ಳಿ ನೋಡದ ಮನುಷ್ಯಾ ಈಗ ಅಡಿಗಿಮನಿ ಬಾಗಲಾ ಹಿಡದು ಬಗ್ಗಿ ಬಗ್ಗಿ ಏಳ್ತಾರ. ಅಲ್ಲಿ ಯಾವ ದೇವರು ಬಂದು ಕುಂತಾನೋ?"

"ಒಳಗ ನೀವ ಇರ್ತೀರಲ್ರಿ" ಎಂಬ ಮಾತು ಬಾಯಿತನಕ ಬಂತು, ನುಂಗಿಕೊಂಡೆ.

ಮೆಂತೆ

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಾಸ್ತರ್ರು ನನ್ನನ್ನು ಊಟಕ್ಕೆ ಕರೆದರು. ಒಳಗೆ ಅಮ್ಮಾರು ರೊಟ್ಟಿ ಬಡಿಯುತ್ತಿದ್ದರು. ಮಾಸ್ತರ್ರು ಒಲೆಯ ಮುಂದೆ ಕಾಲು ಅಗಲಿಸಿ ನಿಂತರು. ಹಿಮ್ಮಡಿ ಊರಿ, ಮೊಣಕಾಲು ಅಲುಗದಂತೆ ಇಳಿದು, ನೆಲಕ್ಕೆ ಕೂತೇಬಿಟ್ಟರು.

ಅಮ್ಮಾರ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಆ ಕರಕು ರೊಟ್ಟಿಯನ್ನೇ ಮಾಸ್ತರ್ರು ಕೈಯೊಡ್ಡಿ ಇಸಿದುಕೊಂಡು ತಿಂದರು. ಅಮ್ಮಾರು ಸೆರಗಿನಿಂದ ಕಣ್ಣೊರೆಸಿಕೊಂಡು, ಮೆಂತೆ ಸೊಪ್ಪಿನ ಸಿವುಡೊಂದನ್ನು ಅವರತ್ತ ಸರಿಸಿದರು.

"ಕುಂಡ್ರೂದು ಕುಂತೀರಿ, ಇನ್ನ ಏಳಾಕಂತೂ ಆಗೂದಿಲ್ಲ. ಇದನ್ನಾರ ಸೋಸ್ರಿ."

ನಾನು ತಡೆಯಲಾರದೆ, "ಅಮ್ಮಾರ, ಸರ್‌ಗೆ ಈಗ ಏಳಾಕೂ ಬರ್ತೈ..." ಎಂದೆ.

ಮಾಸ್ತರ್ರು ಮೆಂತೆ ಎಲೆ ಬಿಡಿಸುತ್ತಲೇ ನನ್ನತ್ತ ಕಣ್ಣು ಕೆಂಪಗೆ ಮಾಡಿದರು. "ಸುಮ್ಮನ ಉಣ್ಣೋ! ಏಳೂದು ನೀ ನನಗ ಇನ್ನೂ ಕಲಿಸಿಲ್ಲ."