ಎಸ್.ಎಂ. ಅಹಮದ್, ಬಿ.ಕಾಂ., ಅಡ್ವೈಸರ್

ಮನ್ಸೂರನ ಎಲ್ಲ ತಾಪತ್ರಯಕ್ಕೂ ಮೂಲ ಇನ್ನೂರು ವಿಸಿಟಿಂಗ್ ಕಾರ್ಡು. ಅದರಲ್ಲಿ ನೂರ ತೊಂಬತ್ತನ್ನು ಅವನು ಕೈಯಿಂದ ಮುಟ್ಟಿಯೂ ಇರಲಿಲ್ಲ.

ಯಶವಂತಪುರದ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಅವನು ಎಂಟು ವರ್ಷ ಸ್ಟೋರ್ ಗುಮಾಸ್ತನಾಗಿದ್ದ. ಕರೆಂಟು ಹೋದಾಗ ಕತ್ತಲಲ್ಲಿ ಕೈಯಾಡಿಸಿ, ಇದು ಮುಕ್ಕಾಲಿಂಚಿನ ಬೋಲ್ಟು, ಇದು ಅರ್ಧ ಇಂಚಿನದು ಎಂದು ಹೇಳಬಲ್ಲವನಾಗಿದ್ದ. ಆದರೆ ಬೆಳಕಿನಲ್ಲಿ ಯಜಮಾನರ ಮುಖ ನೋಡಿ, ನನಗೆ ಪ್ರಮೋಷನ್ ಕೊಡಿ ಎಂದು ಕೇಳುವುದು ಮಾತ್ರ ಅವನಿಂದ ಆಗಿರಲಿಲ್ಲ. ಸ್ಟೋರ್‌ಕೀಪರ್ ಕುರ್ಚಿ ಯಜಮಾನರ ಷಡ್ಡಕನ ಪಾಲಾಯಿತು. ಷಡ್ಡಕ ಕೂತ ಹದಿನಾಲ್ಕನೇ ತಿಂಗಳಿಗೆ ಕಾರ್ಖಾನೆಗೆ ಬೀಗ ಬಿತ್ತು. ಹೀಗೆ ೧೯೮೪ರ ಬೇಸಿಗೆಯಲ್ಲಿ ಮನ್ಸೂರ್ ಆರ್.ಟಿ. ನಗರದ ಬಾಡಿಗೆ ಮನೆಯ ಮಹಡಿಯಲ್ಲಿ, ಮದುವೆ ಮುಗಿದ ಮೇಲೂ ಬಿಚ್ಚದೆ ಬಿಟ್ಟ ಚಪ್ಪರದಂತೆ ಸುಮ್ಮನೆ ಇದ್ದ.

ಅವನನ್ನು ಉದ್ಧಾರ ಮಾಡಲು ಪಣ ತೊಟ್ಟವನು ಎದುರುಮನೆಯ ಸರ್ದಾರ್. ಇನ್ಷೂರೆನ್ಸ್ ಏಜೆಂಟು. ಬೂದು ಸಫಾರಿ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಸತ್ತ ಮೇಲೆ ಸಿಗುವ ಲಾಭವನ್ನು ಮದುವೆಮನೆಯಲ್ಲಿ ಕೂತು ಮಾರಬಲ್ಲ ಗಂಡಸು.

"ನಿನ್ ಕಾಯಿಲೆ ಏನ್ ಗೊತ್ತಾ ಭಾಯ್?" ಎಂದಿದ್ದ ಸರ್ದಾರ್. "ನೀನು ಕೆಲ್ಸ ಹುಡುಕ್ತಾ ಇದೀಯ. ಹುಡುಕೋನಿಗೆ ಯಾರು ಕೊಡ್ತಾರೆ? ಮೊದ್ಲು ಹೆಸರು ಊರೆಲ್ಲ ಓಡಾಡ್ಬೇಕು. ಮನುಷ್ಯ ಆಮೇಲೆ ಹೋದ್ರೆ ಸಾಕು."

ಹೆಸರನ್ನು ಓಡಾಡಿಸಲು ಕಾರ್ಡು ಅಚ್ಚಾಯಿತು. ಸೈಯದ್ ಮನ್ಸೂರ್ ಅಹಮದ್ ಎಂದು ಪೂರ್ತಿ ಹಾಕಿಸಲು ಸರ್ದಾರ್ ಬಿಡಲಿಲ್ಲ. "ದೊಡ್ಡೋರಿಗೆ ಇನಿಶಿಯಲ್ ಇರ್ತದೆ, ಹೆಸರು ಇರಲ್ಲ" ಎಂದ. ಹೆಸರಿನ ಕೆಳಗೆ 'ಅಡ್ವೈಸರ್' ಎಂದು ಹಾಕಿಸಿದ.

"ಯಾರಿಗೆ ಅಡ್ವೈಸರು?" ಮನ್ಸೂರ್ ಗಾಬರಿಯಾಗಿ ಕೇಳಿದ.

"ಅದನ್ನ ಹಾಕ್ಬಾರ್ದು. ಹಾಕಿದ್ರೆ ಅವರೊಬ್ರಿಗೇ ಆಗ್ತೀಯ."

ದೊಡ್ಡವರು ತಮ್ಮ ಕಾರ್ಡನ್ನು ತಾವೇ ಹಂಚುವುದಿಲ್ಲವಂತೆ. ಸರ್ದಾರ್ ಹತ್ತನ್ನು ಮಾತ್ರ ಮನ್ಸೂರನಿಗೆ ಕೊಟ್ಟು, ಉಳಿದದ್ದನ್ನು ಬ್ಯಾಗಿಗೆ ತುಂಬಿಕೊಂಡು ನಾಲ್ಕಾರು ಮದುವೆ, ಎರಡು ಗೃಹಪ್ರವೇಶ ಮುಗಿಸಿ ಬಂದ. ಅಲ್ಲೆಲ್ಲ ಏನು ಹೇಳಿದನೋ ಮನ್ಸೂರ್ ಕೇಳಲಿಲ್ಲ. ಕೇಳಲು ನಾಚಿಕೆ.

ಆ ಶನಿವಾರ ಬೆಳಿಗ್ಗೆ ಪರಿಸ್ಥಿತಿ ಹೀಗಿತ್ತು. ಯಲಹಂಕದ ಹೊಸ ಫ್ಯಾನ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಕೆಲಸ ಒಂದೇ ಒಂದು ಖಾಲಿ ಇತ್ತು. ಅರ್ಜಿಗೆ ಸಂಜೆ ಐದು ಗಂಟೆಯೇ ಗಡುವು. ಅದು ಸಿಗದಿದ್ದರೆ ಸೋಮವಾರದಿಂದ ಮನ್ಸೂರ್ ಭಾಮೈದ ಅನ್ವರನ ಮೊಟ್ಟೆ ಮಂಡಿಯಲ್ಲಿ ಕೂರಬೇಕು. ಒಂದೊಂದೇ ಮೊಟ್ಟೆಯನ್ನು ಉರಿಯುವ ಬಲ್ಬಿನ ಮುಂದೆ ಹಿಡಿದು ಒಳಗೆ ಕೆಟ್ಟಿದೆಯೇ ಎಂದು ನೋಡುವ ಕೆಲಸ.

"ನಿಮಗೋಸ್ಕರ ಅಂತ ಹೊಸ ಬಲ್ಬ್ ತಂದಿದಾನಂತೆ, ಪಾಪ," ಎಂದಳು ಹೆಂಡತಿ ನಸೀಮಾ. ಆ 'ಪಾಪ' ತಮ್ಮನಿಗೋ ಗಂಡನಿಗೋ ತಿಳಿಯಲಿಲ್ಲ.

ಸರ್ಟಿಫಿಕೇಟಿನ ಫೈಲಿಗೆ ದಾರ ಕಟ್ಟಿಕೊಂಡು ಮನ್ಸೂರ್ ಮೆಟ್ಟಿಲಿಳಿದರೆ ಕೆಳಗೆ ಮನೆ ಮಾಲೀಕ ಲಕ್ಕಣ್ಣ ನಿಂತಿದ್ದ. ಹೊಲ ಸೈಟಾಗಿ, ಸೈಟು ಮೂರಂತಸ್ತಿನ ಮನೆಯಾದ ಮೇಲೂ ಪಂಚೆ ಬಿಟ್ಟವನಲ್ಲ. ನೀರಿನ ವಾಲ್ವಿನ ಕೀಲಿ ಅವನ ಉಡಿದಾರದಲ್ಲಿತ್ತು. ಆ ಕೀಲಿ ಎಷ್ಟು ತಿರುಗುತ್ತದೋ ಮಹಡಿಯವರಿಗೆ ಅಷ್ಟೇ ನೀರು.

"ಸಾಬ್ರೇ, ಅದೇನೋ ಕಾರ್ಡು ಮಾಡ್ಸಿದೀರಂತೆ? ನಮ್ಮ ಅಳೀಮಯ್ಯಂಗೆ ಎರಡಕ್ಸರ ಬರ್ಕೊಡಿ."

ಹಿಂದೆ ಅಳಿಯ ಪಿಳ್ಳಪ್ಪ ಜಗಲಿಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದ.

"ಯಾರಿಗೆ ಅಂತ ಬರೀಲಿ ಲಕ್ಕಣ್ಣೋರೇ?"

"ಯಾರ್ಗೋ ಒಬ್ರಿಗೆ! ಜೇಬಲ್ಲಿದ್ರೆ ಎಲ್ಲಾರಾ ಆಯ್ತದೆ. ಇಂಗೇ ಇವ್ನು ಮನೇಲೇ ಬಿದ್ದಿದ್ರೆ ನನ್ ಮಗಳು ಏನ್ ಮಾಡ್ಬೇಕು?" ಎನ್ನುತ್ತ ಲಕ್ಕಣ್ಣ ಕೀಲಿಯನ್ನು ಸುಮ್ಮನೆ ಒಂದು ಸಲ ತಡವಿಕೊಂಡ.

ಮನ್ಸೂರ್ ಬರೆದ. ಕಾರ್ಡಿನ ಹಿಂಬದಿ ಅಂದಿನ ಬೆಂಗಳೂರಿನಲ್ಲಿ ಎಲ್ಲರೂ ಬರೆಯುತ್ತಿದ್ದುದನ್ನೇ ಬರೆದ: 'ಇದನ್ನು ತರುವವರು ನನಗೆ ಬಹಳ ಬೇಕಾದವರು. ದಯವಿಟ್ಟು ಅನುಕೂಲ ಮಾಡಿಕೊಡುವುದು.' ಕೆಳಗೆ ಸಹಿ. ಜೀವಮಾನದಲ್ಲಿ ಅವನು ಮಾಡಿದ ಮೊದಲ ಶಿಫಾರಸು. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಅದನ್ನು ಮರೆತೂ ಬಿಟ್ಟ.

ತನ್ನ ಶಿಫಾರಸಿಗೆ ಈಗ ಬೇರೆಯವರ ಕಾರ್ಡು ಬೇಕಿತ್ತು. ಸರ್ದಾರ್ ಹೇಳಿದ್ದ: "ಕೊಡಿಗೇಹಳ್ಳಿಗೆ ಹೋಗು. ಟಿಂಬರ್ ಡಿಪೋ ಮುಜಫ್ಫರ್. ಆ ಕಾರ್ಖಾನೆ ಬಾಗಿಲು ಕಿಟಕಿ ಎಲ್ಲಾ ಅವರ್ದೇ."

ಮುಜಫ್ಫರ್ ಸಾಹೇಬರು ಮರದ ಹೊಟ್ಟಿನ ನಡುವೆ ಕೂತಿದ್ದರು. ಹುಬ್ಬಿನ ಮೇಲೂ ಹೊಟ್ಟು. ಮನ್ಸೂರ್ ತೊದಲುತ್ತ ವಿಷಯ ಹೇಳಿದ.

"ಬಾಗಿಲು ಇಟ್ಟೋನು ನಾನೇ ಕಣಪ್ಪಾ. ಆದ್ರೆ ಬಾಗಿಲು ಇಟ್ಟ ಮೇಲೆ ನನ್ನನ್ನ ಯಾರೂ ಒಳಗೆ ಬಿಡಲ್ಲ! ಈಗ ದಿನಾ ಒಳಗೆ ಹೋಗೋರು ಅಂದ್ರೆ ಮತ್ತಿಕೆರೆ ದ್ರೌಪದಮ್ಮ. ಕ್ಯಾಂಟೀನ್ ಅವರದ್ದು. ತಗೋ."

ಅವರು ಕಾರ್ಡಿನ ಹಿಂದೆ 'ಬಹಳ ಬೇಕಾದವರು' ಎಂದು ಬರೆದು ಕೊಟ್ಟರು. ಬರೆದ ಮೇಲೆ ಕೇಳಿದರು: "ಏನ್ ನಿನ್ನ ಹೆಸರು?"

ಮತ್ತಿಕೆರೆಗೆ ಎರಡು ಬಸ್ಸು. ಮೊದಲನೆಯದರಲ್ಲಿ ಯಾರದೋ ಬುಟ್ಟಿಯ ಕೋಳಿ ಅವನ ಫೈಲಿನ ಮೂಲೆಯನ್ನು ಕುಕ್ಕಿತು. ಎರಡನೆಯದು ಹೆಬ್ಬಾಳದ ಏರಿಯ ಮೇಲೆ ಕೆಟ್ಟು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು. ತಳ್ಳಿದ ಬಸ್ಸು ಶುರುವಾದದ್ದೇ ತಡ, ಮನ್ಸೂರನನ್ನು ಬಿಟ್ಟು ಹೊರಟಿತು. ಅವನು ಅದರ ಹಿಂದೆ ಅರ್ಧ ಮೈಲಿ ಓಡಿ ಹತ್ತಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ ಮತ್ತಿಕೆರೆಯಲ್ಲಿ ಇಳಿಯುವ ಹೊತ್ತಿಗೆ ಮಸಿಬಟ್ಟೆಗೆ ತಮ್ಮನಂತಿತ್ತು.

ದ್ರೌಪದಮ್ಮನ ಅಡುಗೆ ಶೆಡ್ಡಿನಲ್ಲಿ ಆಳೆತ್ತರದ ಪಾತ್ರೆಗಳಲ್ಲಿ ಸಾರು ಕುದಿಯುತ್ತಿತ್ತು. ಆಕೆ ಮುಜಫ್ಫರ್ ಸಾಹೇಬರ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೂತ್ಕೊಳಪ್ಪಾ. ಮೊದ್ಲು ಊಟ ಮಾಡು. ನೋಡು, ನನ್ ಮಾತು ಆ ಫ್ಯಾಕ್ಟ್ರೀಲಿ ಸಾರಿನವರೆಗೆ ನಡೀತದೆ. ಉಪ್ಪು ಜಾಸ್ತಿ ಆಯ್ತು ಅಂದ್ರೆ ಅಷ್ಟೂ ನಡಿಯಲ್ಲ. ಕೆಲ್ಸ ಕೊಡೋರು ಚನ್ನಕೇಶವ ಅಂತ, ಪರ್ಸನಲ್ ಆಫೀಸರ್ರು. ಯಾರ ಮಾತೂ ಕೇಳೋ ಆಸಾಮಿ ಅಲ್ಲ."

ಮನ್ಸೂರನ ಕೈಯ ತುತ್ತು ಅಲ್ಲೇ ನಿಂತಿತು. ಮೊಟ್ಟೆಯ ಹಿಂದಿನ ಬಲ್ಬು ಕಣ್ಣ ಮುಂದೆ ಹತ್ತಿಕೊಂಡಿತು.

"ಆದ್ರೆ ಒಬ್ರಿದಾರೆ," ದ್ರೌಪದಮ್ಮ ದನಿ ತಗ್ಗಿಸಿದರು. "ಅವರ ಹೆಸರು ಕೇಳಿದ್ರೆ ಚನ್ನಕೇಶವ ಕುರ್ಚಿ ಬಿಟ್ಟು ಏಳ್ತಾರೆ. ಎಂ.ಡಿ. ಸಾಹೇಬ್ರು ಹಬ್ಬಕ್ಕೆ ಇವರ ಮನೇಲೇ ಬಿರಿಯಾನಿ ತಿನ್ನೋದಂತೆ! ನಾನು ನೋಡಿಲ್ಲ. ಅಂಥೋರು ಎಲ್ಲಿ ಕಣ್ಣಿಗೆ ಬೀಳ್ತಾರೆ? ಮದ್ವೇಲಿ ಒಬ್ರು ಸಫಾರಿ ಹಾಕ್ಕೊಂಡೋರು ಕಾರ್ಡ್ ಕೊಟ್ರು. ಜೋಪಾನ ಮಾಡಿಟ್ಟಿದೀನಿ."

ಸಾಸಿವೆ ಡಬ್ಬಿಯ ತಳದಿಂದ ಅರಿಶಿನ ಮೆತ್ತಿದ ಕಾರ್ಡು ಹೊರಗೆ ಬಂತು. ದ್ರೌಪದಮ್ಮ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಎಸ್.ಎಂ. ಅಹಮದ್, ಬಿ.ಕಾಂ. ಅಡ್ವೈಸರ್.

ಮನ್ಸೂರನಿಗೆ ಸಾರು ನೆತ್ತಿಗೇರಿತು. ಕೆಮ್ಮುತ್ತಲೇ, "ಅಮ್ಮಾ, ಇದು... ಇದು ನಾನೇ" ಎಂದ.

ದ್ರೌಪದಮ್ಮ ಅವನ ಅಂಗಿ ನೋಡಿದರು, ಕೋಳಿ ಕುಕ್ಕಿದ ಫೈಲು ನೋಡಿದರು, ನೀರಿನ ಲೋಟ ಮುಂದಕ್ಕೆ ತಳ್ಳಿದರು. "ಕುಡಿ ಮಗಾ. ಬಿಸಿಲು ಜಾಸ್ತಿ."

ಬೀದಿಗೆ ಬಂದ ಮನ್ಸೂರ್ ಒಂದು ಹೊಂಗೆ ಮರದ ಕೆಳಗೆ ನಿಂತ. ಮೂರೂವರೆ ಗಂಟೆ. ಈ ಉತ್ತರ ಬೆಂಗಳೂರಿನಲ್ಲೇ ಅವನಿಗೆ ಕೆಲಸ ಕೊಡಿಸಬಲ್ಲ ಗಂಡಸು ಒಬ್ಬನೇ, ಮತ್ತು ಅವನು ಇಲ್ಲೇ ಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದ. ಜೇಬಿನಲ್ಲಿ ತನ್ನದೇ ಕಾರ್ಡು ನಾಲ್ಕಿದ್ದವು. ಒಂದನ್ನು ತೆಗೆದು ಫೈಲಿನ ಮೇಲಿಟ್ಟು, ಎಂದೂ ಇಲ್ಲದ ಧೈರ್ಯ ಮಾಡಿ ಬರೆದ: 'ಇದನ್ನು ತರುವವರು ನನಗೆ ಬಹಳ ಬೇಕಾದವರು.' ಬರೆದು ಒಂದು ಕ್ಷಣ ಯೋಚಿಸಿದ. ಸುಳ್ಳೇನೂ ಇರಲಿಲ್ಲ.

ಯಲಹಂಕದ ಕಾರ್ಖಾನೆ ಗೇಟನ್ನು ಅವನು ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಕಾರ್ಡು ಒಳಗೆ ಹೋಯಿತು. ಮರುಕ್ಷಣವೇ ಚನ್ನಕೇಶವರು ತಾವೇ ಬಾಗಿಲಿಗೆ ಬಂದರು. ಹಣೆಯಲ್ಲಿ ಕುಂಕುಮ, ಕಣ್ಣಲ್ಲಿ ಭಯ.

"ಬನ್ನಿ ಬನ್ನಿ, ಕೂತ್ಕೊಳಿ. ಅಹಮದ್ ಸಾಹೇಬ್ರು ಹೇಗಿದಾರೆ?"

"ಸ್ವಲ್ಪ ಸುಸ್ತಾಗಿದಾರೆ," ಎಂದ ಮನ್ಸೂರ್.

"ಆಗ್ದೆ ಏನ್ ಮಾಡತ್ತೆ! ಎಷ್ಟು ಜನ, ಎಷ್ಟು ಕೆಲ್ಸ. ಏನಾಗ್ಬೇಕಿತ್ತು?"

"ಸ್ಟೋರ್‌ಕೀಪರ್ ಕೆಲ್ಸ ಸಾರ್. ನನಗೆ ಎಂಟು ವರ್ಷ ಅನುಭವ..." ಮನ್ಸೂರ್ ಫೈಲಿನ ದಾರಕ್ಕೆ ಕೈ ಹಾಕಿದ.

"ಅಯ್ಯೋ, ಅದನ್ನೆಲ್ಲ ಬಿಚ್ಚಬೇಡ್ರೀ!" ಚನ್ನಕೇಶವರು ತಲೆಯ ಮೇಲೆ ಕೈ ಹೊತ್ತರು. "ಕೆಲ್ಸ ಬೆಳಿಗ್ಗೆ ಹನ್ನೊಂದಕ್ಕೇ ಹೋಯ್ತಲ್ಲ! ಸಾಹೇಬ್ರೇ ಒಬ್ರನ್ನ ಕಳ್ಸಿದ್ರು. ಇದೇ ಕಾರ್ಡು, ಇದೇ ಕೈಬರಹ. ಪಿಳ್ಳಪ್ಪ ಅಂತ. ಸ್ಟೋರ್ ಅಂದ್ರೆ ಏನು ಅಂತ ಅವರೇ ನನ್ನ ಕೇಳಿದ್ರು. ಆದ್ರೂ ಸಾಹೇಬರ ಮನುಷ್ಯ ಅಂದ ಮೇಲೆ ಆರ್ಡರ್ ಕೊಟ್ಬಿಟ್ಟೆ."

ಮನ್ಸೂರನ ತಲೆಯೊಳಗೆ ಲಕ್ಕಣ್ಣನ ಕೀಲಿ ಕಿರ್ರನೆ ಒಂದು ಸುತ್ತು ತಿರುಗಿತು.

"ಸಾರ್," ಅವನು ಎದ್ದು ನಿಂತ. ಎಂಟು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ದನಿ ಅಂದು ಹೊರಗೆ ಬಂತು. "ಆ ಎಸ್.ಎಂ. ಅಹಮದ್ ನಾನೇ. ಎಂ.ಡಿ. ನನಗೆ ಗೊತ್ತಿಲ್ಲ. ಬೇಕಿದ್ರೆ ಅವರನ್ನೇ ಕೇಳಿ."

ಚನ್ನಕೇಶವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಿಸೆಯಿಂದ ಇಣುಕುತ್ತಿದ್ದ ಬಿ.ಟಿ.ಎಸ್. ಬಸ್ ಟಿಕೇಟುಗಳನ್ನು ಎಣಿಸಿದರು. ಆಮೇಲೆ ಮಕ್ಕಳಿಗೆ ಬುದ್ಧಿ ಹೇಳುವವರಂತೆ ಮೆತ್ತಗೆ ಹೇಳಿದರು:

"ಎಂ.ಡಿ.ಯವರನ್ನ ಹೋಗಿ, 'ನಿಮಗೆ ಬೇಕಾದವರು ಯಾರು' ಅಂತ ಕೇಳಕ್ಕಾಗತ್ತೇನ್ರೀ? ನನಗೂ ಹೆಂಡ್ತಿ ಮಕ್ಕಳಿದಾರೆ. ನೋಡಿ, ದೊಡ್ಡೋರ ಹೆಸರು ಹೇಳ್ಕೊಂಡು ಓಡಾಡೋದು ತಪ್ಪು. ಬೇರೆ ಯಾರಾದ್ರೂ ಆಗಿದ್ರೆ ಪೋಲೀಸ್ಗೆ ಕೊಡ್ತಿದ್ದೆ. ನೀವು ಅವರಿಗೆ ಬೇಕಾದವರು ಅಂತ ಬಿಡ್ತಿದೀನಿ."

ಬಾಗಿಲವರೆಗೆ ಬಂದವರು ಆಚೀಚೆ ನೋಡಿ ತಮ್ಮದೇ ಒಂದು ಕಾರ್ಡನ್ನು ಅವನ ಕೈಗೆ ತುರುಕಿದರು. "ಇದನ್ನ ಸಾಹೇಬ್ರಿಗೆ ತಲುಪಿಸಿ. ಮೂರು ವರ್ಷದಿಂದ ಇದೇ ಕುರ್ಚೀಲಿದೀನಿ. ಎಲ್ಲಾದ್ರೂ ಮ್ಯಾನೇಜರ್ ಪೋಸ್ಟ್ ಇದ್ರೆ, ಅವರ ಒಂದು ಮಾತು ಸಾಕು."

ದೀಪ ಹಚ್ಚುವ ಹೊತ್ತಿಗೆ ಮನ್ಸೂರ್ ಮನೆ ಸೇರಿದ. ಮೆಟ್ಟಿಲ ಬುಡದಿಂದಲೇ ನೀರಿನ ಸದ್ದು. ಮಹಡಿಯ ನಲ್ಲಿಯಲ್ಲಿ ಗಂಗೆಯೇ ಸುರಿಯುತ್ತಿದ್ದಳು. ನಸೀಮಾ ಬಕೀಟು, ಬಿಂದಿಗೆ, ಕೊನೆಗೆ ಟೀ ಕಾಯಿಸುವ ಪಾತ್ರೆಯನ್ನೂ ತುಂಬಿ ನಿಲ್ಲಿಸಿದ್ದಳು. ಒಳಗೆ ಲಕ್ಕಣ್ಣ ಮೈಸೂರುಪಾಕಿನ ಪೊಟ್ಟಣ ಹಿಡಿದು ಕೂತಿದ್ದ.

"ಸಾಬ್ರೇ, ನೀವು ಇಂಥ ದೊಡ್ ಮನ್ಸ ಅಂತ ನಂಗ್ ಗೊತ್ತೇ ಇರ್ಲಿಲ್ಲ! ಎರಡೇ ಎರಡಕ್ಸರ! ಯಲಹಂಕದಾಗೆ ಹೊಸ ಫ್ಯಾಕ್ಟ್ರಿ ಐತೆ ಅಂತ ಯಾರೋ ಅಂದ್ರು, ಅಲ್ಲಿ ತೋರ್ಸಿದ್ದೇ ತಡ ಕೆಲ್ಸ ಆಯ್ತು! ಒಂದೇ ಒಂದು ತೊಂದ್ರೆ. ಅಳೀಮಯ್ಯಂಗೆ ಬೋಲ್ಟು ಯಾವ್ದು ನಟ್ಟು ಯಾವ್ದು ತಿಳಿಯಾಕಿಲ್ಲ. ದಿನಾ ಸಾಯಂಕಾಲ ಇಲ್ಲಿಗೇ ಕಳಿಸ್ತೀನಿ. ಒಸಿ ಹೇಳ್ಕೊಡಿ."

ಮನ್ಸೂರ್ ಗೋಡೆ ಹಿಡಿದು ಕೂತ. ಆಗಲಿ, ಮೊಟ್ಟೆಯಾದರೂ ಇದೆಯಲ್ಲ ಎಂದುಕೊಂಡ. ಮೊಟ್ಟೆಗಳು ಶಿಫಾರಸು ಕೇಳುವುದಿಲ್ಲ. ಬೆಳಕಿಗೆ ಹಿಡಿದರೆ ಒಳಗಿರುವುದನ್ನು ತೋರಿಸುತ್ತವೆ, ಅಷ್ಟೆ. ಯೋಚಿಸುತ್ತ ಹೋದಂತೆ ಆ ಕೆಲಸದ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಅನ್ವರ್ ಹೊರಬಂದ. ಎಂದೂ ಇಲ್ಲದೆ ಬಗ್ಗಿ ಸಲಾಮು ಮಾಡಿದ.

"ಭಾವಾ, ಮಾಫ್ ಮಾಡಿ. ಮಂಡಿ ಕೆಲ್ಸಕ್ಕೆ ಬೇರೆಯೋರನ್ನ ಇಟ್ಕೊಂಡ್ಬಿಟ್ಟೆ."

"ಯಾಕೋ?"

"ಯಾಕೆ ಅಂದ್ರೆ? ಶಿವಾಜಿನಗರದಲ್ಲೆಲ್ಲ ನಿಮ್ಮ ಕಾರ್ಡು ಓಡಾಡ್ತಿದೆ. ಎಸ್.ಎಂ. ಅಹಮದ್ ಸಾಹೇಬ್ರನ್ನ ತಂದು ಮೊಟ್ಟೆ ನೋಡಕ್ಕೆ ಕೂರ್ಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ಅದಿರ್ಲಿ, ಯಲಹಂಕದಲ್ಲಿ ಫ್ಯಾನ್ ಫ್ಯಾಕ್ಟರಿ ಕ್ಯಾಂಟೀನ್‌ಗೆ ಮೊಟ್ಟೆ ನಂದೇ ಹೋಗೋ ಹಾಗೆ ಎರಡಕ್ಷರ ಬರ್ಕೊಡಿ ಭಾವಾ."

ಮನ್ಸೂರ್ ಕಿಸೆಗೆ ಕೈ ಹಾಕಿದ. ಉಳಿದಿದ್ದವು ಮೂರು ಕಾರ್ಡು. ಒಂದರ ಹಿಂದೆ ಬರೆದು ಅನ್ವರನಿಗೆ ಕೊಟ್ಟ. ಇನ್ನೊಂದಕ್ಕೆ ಲಕ್ಕಣ್ಣ ಆಗಲೇ ಕೈ ಚಾಚಿದ್ದ. ಅವನಿಗೆ ಎರಡನೇ ಅಳಿಯನೂ ಇದ್ದಾನಂತೆ.

ನಸೀಮಾ ತುಂಬಿದ ಕೊನೆಯ ಬಿಂದಿಗೆಯನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಎದುರು ಬಂದು ನಿಂತಳು.

"ಆ ಕಡೇದನ್ನ ನಂಗೆ ಬರ್ಕೊಡಿ," ಎಂದಳು. "ನಮ್ಮನೇಲೂ ಒಬ್ರು ಕೆಲ್ಸ ಇಲ್ದೆ ಕೂತಿದಾರೆ."