ಮನಸ್ಸಿನಲ್ಲಿದ್ದ ತಂಡ

ಭಾನುವಾರ ಬೆಳಿಗ್ಗೆ ಎದುರುಮನೆಯ ಕರಬಸಪ್ಪ ಬಾಗಿಲು ತಟ್ಟಿ, "ಫುಟ್‌ಬಾಲ್ ಮ್ಯಾಚಿನ ಟಿಕೆಟ್ ಎರಡು ಅದಾವ, ಬರ್ರಿ. ರೊಕ್ಕ ಏನೂ ಬ್ಯಾಡ" ಎಂದಾಗಲೇ ಶಶಿಕಾಂತನಿಗೆ ಅನುಮಾನ ಬಂತು.

ಬಾರದೆ ಏನು? ಕರಬಸಪ್ಪ ಧಾರವಾಡ ಬಿಟ್ಟು ವರ್ಜೀನಿಯಾದ ಆಶ್‌ಬರ್ನಿಗೆ ಬಂದು ಹನ್ನೆರಡು ವರ್ಷ. ಇಷ್ಟು ವರ್ಷದಲ್ಲಿ ಅವರಿಂದ ನೆರೆಹೊರೆಗೆ ಪುಕ್ಕಟೆ ಸಿಕ್ಕಿದ್ದೆಂದರೆ ನೆಗಡಿ ಒಂದೇ.

ಇನ್ನೊಂದು ಕಾರಣವೂ ಇತ್ತು. ಹೋದ ವರ್ಷ ಶಶಿಕಾಂತ ಇಂಡಿಯನ್ ಸ್ಟೋರಿನಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದಾಗ ಯಾರೋ ಒಬ್ಬ "ನೀವು ಕನ್ನಡದವ್ರಾ?" ಎಂದು ನಕ್ಕಿದ್ದ. ಮನೆಗೆ ಕರೆದ, ಊಟ ಹಾಕಿದ, ಕೊನೆಗೆ "ಒಂದು ಸಣ್ಣ ಬಿಸಿನೆಸ್ ಐಡಿಯಾ" ಎಂದು ಕಾಗದ ಮುಂದಿಟ್ಟ. ಅದಕ್ಕೆ ಸೈನ್ ಹಾಕಿದ ತಪ್ಪಿಗೆ ಶಶಿಕಾಂತನ ಗ್ಯಾರೇಜಿನಲ್ಲಿ ಇವತ್ತಿಗೂ ವಿಟಮಿನ್ ಡಬ್ಬಿಗಳು ಸೂರು ಮುಟ್ಟಿವೆ, ಕಾರು ಹೊರಗೆ ನೆನೆಯುತ್ತಿದೆ. "ಇನ್ನೊಂದ್ಸಲ ಇಂಥದ್ದಕ್ಕೆ ಬಿದ್ರೆ ನಿಮ್ಮ ಹಾಸಿಗೇನೂ ಗ್ಯಾರೇಜಲ್ಲೇ" ಎಂದು ಹೆಂಡತಿ ವೇದಾ ಅಂದೇ ತೀರ್ಪು ಕೊಟ್ಟಿದ್ದಳು.

ಅಂಥ ವೇದಾ ಇವತ್ತು, "ಹೋಗ್ಬನ್ನಿ. ಪಾಪ, ಅಂಕಲ್ ಅಷ್ಟು ಪ್ರೀತಿಯಿಂದ ಕರೀತಿದಾರೆ" ಎಂದು ತಾನೇ ಜಾಕೆಟ್ ತಂದುಕೊಟ್ಟಳು. ಇದು ಪರೀಕ್ಷೆಯೇ ಸರಿ ಎಂದುಕೊಂಡ ಶಶಿಕಾಂತ. ಎಲ್ಲೂ ಸೈನ್ ಹಾಕಬಾರದು, ಮನಸ್ಸಿನಲ್ಲಿರುವ ಒಂದು ಮಾತೂ ತುಟಿ ದಾಟಬಾರದು.

ಲ್ಯಾಂಡೋವರ್‌ನ ಸ್ಟೇಡಿಯಂ ಹತ್ತಿರವಾದಂತೆ ಕರಬಸಪ್ಪ ಅದರ ಚರಿತ್ರೆ ಬಿಚ್ಚಿದರು. "ತೊಂಬತ್ತೇಳರಾಗ ಕಟ್ಟಿದ್ದರಿ ಇದು. ಮೊದಲು ಮಾಲೀಕನ ಹೆಸರು, ಆಮ್ಯಾಲೆ ಕೊರಿಯರ್ ಕಂಪನಿ ಹೆಸರು, ಈಗ ಯಾವುದೋ ಕ್ರೆಡಿಟ್ ಸೊಸೈಟಿ ಹೆಸರು. ತೊಂಬತ್ತು ಸಾವಿರಕ್ಕೂ ಮಿಕ್ಕಿ ಕುರ್ಚಿ ಇದ್ದವು, ಕಿತ್ತು ಕಿತ್ತು ಅರವತ್ತು ಚಿಲ್ಲರಕ್ಕ ತಂದಾರ, ನನ್ನ ತಲಿಗೂದಲದಂಗ."

ಇಷ್ಟು ಸಲ ಹೆಸರು, ಆಕಾರ ಬದಲಿಸುವವರು ಕತೆಗಳಲ್ಲಿ ರಾಕ್ಷಸರು ಮಾತ್ರ. ಶಶಿಕಾಂತ ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡ.

ಸ್ಟೇಡಿಯಂ ಎಂಬ ಆ ರಾಕ್ಷಸನ ಹೊಟ್ಟೆಯಲ್ಲಿ ಇನ್ನೊಂದು ಲೋಕವಿತ್ತು: ಬಾಜಿ ಕಟ್ಟುವ ದೊಡ್ಡ ಹಾಲ್. ಗೋಡೆ ತುಂಬ ಟೀವಿ, ಟೀವಿ ತುಂಬ ಅಂಕಿ. "ಇಲ್ಲಿ ಸೈನ್ ಅಪ್ ಮಾಡಿದರೆ ಟೀ ಶರ್ಟ್ ಫ್ರೀ" ಎಂದು ಹುಡುಗಿಯೊಬ್ಬಳು ಪೆನ್ ಚಾಚಿದಳು. ಶಶಿಕಾಂತ ಹಾವು ಕಂಡವನಂತೆ ಎರಡೂ ಕೈ ಜೇಬಿಗೆ ತುರುಕಿದ. ಕರಬಸಪ್ಪ ಸ್ವಂತ ದುಡ್ಡಿನಲ್ಲಿ, ಹೌದು, ಸ್ವಂತ ದುಡ್ಡಿನಲ್ಲಿ ಕೊಡಿಸಿದ ಪ್ರೆಟ್ಜೆಲ್ ಎಂಬ ಗಂಟುಬ್ರೆಡ್ಡು ಅವನ ಬಾಯಲ್ಲಿ ನೇತಾಡಿತು.

"ಶಶಿಕಾಂತ, ಎದಿ ಮುಟ್ಟಿ ಹೇಳ್ರಿ. ಯಾರು ಗೆಲ್ಲಬೇಕು ನಿಮಗ? ವಾಷಿಂಗ್ಟನ್ನೋ, ಅಟ್ಲಾಂಟಾನೋ?"

ಅವನ ಎದೆಯಲ್ಲಿದ್ದದ್ದು ಅಟ್ಲಾಂಟಾ. ಆ ತಂಡದ ಬಣ್ಣ ಕೆಂಪು-ಕಪ್ಪು, ನಮ್ಮ ಬೆಂಗಳೂರಿನ ಕ್ರಿಕೆಟ್ ತಂಡದ್ದೇ. ಹದಿನೇಳು ವರ್ಷದಿಂದ ತಪ್ಪದೆ "ಈ ಸಲ ಕಪ್ ನಮ್ದೇ" ಎಂದವನು ಅವನು. ಹೋದ ವರ್ಷ ಭಾರತ ಸೋತ ವಿಶ್ವಕಪ್ ಫೈನಲ್ ಮುಗಿಯುವ ಮೊದಲೇ ಬೀದಿಗೆಲ್ಲ ಕೇಸರಿಬಾತ್ ಹಂಚಿದವನೂ ಅವನೇ.

ಆದರೆ ಇವರಿಗೇಕೆ ಅದೆಲ್ಲ? ಪ್ರಾಣ ಎಲ್ಲಿದೆ ಎಂದು ರಾಜಕುಮಾರಿ ಕೇಳಿದಾಗ ರಾಕ್ಷಸ ಮೊದಲ ಸಲ ಬರೀ ಸುಳ್ಳು ಹೇಳುತ್ತಾನಲ್ಲ, ಹಾಗೆ ಹೇಳಿದ: "ವಾಷಿಂಗ್ಟನ್."

"ಖರೇನ?"

"ಆಣೆಗೂ."

ಕರಬಸಪ್ಪನವರ ಮುಖ ಹೋಳಿಗೆಯಂತೆ ಉಬ್ಬಿತು. ಕೌಂಟರಿಗೆ ಓಡಿ ಹೋಗಿ ಚೀಟಿಯೊಂದನ್ನು ಮಡಚಿ ಜೇಬಿಗಿಳಿಸಿ ಬಂದರು.

ಆಟ ಶುರುವಾಯಿತು. ಅಟ್ಲಾಂಟಾ ಮುನ್ನುಗ್ಗಿದಾಗಲೆಲ್ಲ ಕರಬಸಪ್ಪ ಕುಣಿದರು. ಶಶಿಕಾಂತನಿಗೂ ಕುಣಿಯುವ ಆಸೆ, ಆದರೆ ಆಣೆ ಇಟ್ಟಾಗಿದೆ. ವಾಷಿಂಗ್ಟನ್ ಮುನ್ನುಗ್ಗಿದಾಗ ಹೊಟ್ಟೆನೋವು ಬಂದವನ ಮುಖ ಮಾಡಿಕೊಂಡು ಚಪ್ಪಾಳೆ ತಟ್ಟಿದ. ಕೊನೆಗೆ ವಾಷಿಂಗ್ಟನ್ ಗೆದ್ದಿತು. ಕರಬಸಪ್ಪ ಚೀಟಿಯನ್ನು ಚೂರುಚೂರು ಮಾಡಿ ಕಾರಿನತ್ತ ನಡೆದರು.

ಶಶಿಕಾಂತ ಮಾತ್ರ ಗೆದ್ದ ಹುರುಪಿನಲ್ಲಿ ಮನೆ ಮೆಟ್ಟಿಲು ಹತ್ತಿದ. ವೇದಾ ಬಾಗಿಲಲ್ಲೇ ನಿಂತಿದ್ದಳು.

"ಅಂಕಲ್‌ಗೆ ಯಾವ ಟೀಮ್ ಹೇಳಿದ್ರಿ?"

"ವಾಷಿಂಗ್ಟನ್."

"ಮನಸ್ಸಲ್ಲಿ ಇದ್ದಿದ್ದು?"

"ಅಟ್ಲಾಂಟಾ! ನಿಜ ಹೇಳೋಕೆ ನಾನೇನು ದಡ್ಡನಾ?"

ವೇದಾ ಅಲ್ಲೇ ಕುಸಿದು ಕೂತಳು. "ಅಯ್ಯೋ, ನೀವು ಗೆಲ್ಲಲಿ ಅಂದವ್ರು ಸೋಲ್ತಾರೆ ಅಂತ ಇಡೀ ಬೀದಿಗೇ ಗೊತ್ತು ಕಣ್ರೀ. ಅದಕ್ಕೇ ಎಲ್ಲರೂ ದುಡ್ಡು ಹಾಕಿ, ನೀವು ಹೇಳಿದ್ದಕ್ಕೆ ಉಲ್ಟಾ ಬಾಜಿ ಕಟ್ಟಿಸಿದ್ವಿ!"

"ಕಟ್ಟಿಸಿದ್ವಿ? ಅಂದ್ರೆ ನೀನೂ?"

"ಐಡಿಯಾ ಕೊಟ್ಟಿದ್ದೇ ನಾನು. ನಿಮ್ಮ ಬರ್ತ್‌ಡೇಗೆ ರಿಕ್ಲೈನರ್ ಕುರ್ಚಿ ತರೋಣ ಅಂತ ಇಟ್ಟಿದ್ದ ದುಡ್ಡು, ಅಷ್ಟೂ ಹೋಯ್ತು."

"ಆದ್ರೆ ವೇದಾ, ನಾನು ಎಲ್ಲೂ ಸೈನ್ ಮಾಡ್ಲಿಲ್ಲ!"

ವೇದಾ ಒಳಗೆ ಹೋದಳು. ಬರುವಾಗ ಕೈಯಲ್ಲಿ ಅವನ ದಿಂಬಿತ್ತು.

ವಿಟಮಿನ್ ಡಬ್ಬಿಗಳ ನಡುವೆ ಚಾಪೆ ಬಿಡಿಸುವಷ್ಟರಲ್ಲಿ ಗ್ಯಾರೇಜಿನ ಬಾಗಿಲು ಅರ್ಧ ಮೇಲೆದ್ದಿತು. ಅಡಿಯಿಂದ ಕರಬಸಪ್ಪ ಬಗ್ಗಿ ಬಂದರು. ಹಿಂದೆ ವೇದಾ, ಅವಳ ಹಿಂದೆ ಬೀದಿಯ ಮುಕ್ಕಾಲು ಪಾಲು ಜನ.

"ಮುಂದಿನ ಐತವಾರಕ್ಕ ಟಿಕೆಟ್ ತಂದೀನಿ" ಎಂದು ಕರಬಸಪ್ಪ ಕಾಗದವೊಂದನ್ನು ಡಬ್ಬಿಯ ಮೇಲೆ ಹಾಸಿ ಪೆನ್ ಚಾಚಿದರು. "ನಿಮ್ಮ ಬಾಯಿ ಮಾತು ಇನ್ನ ನಂಬೂದಿಲ್ಲ. ಮನಸಿನಾಗಿನ ಟೀಮ್ ಬರೀರಿ. ಬರದು, ಕೆಳಗ ಸೈನ್ ಮಾಡ್ರಿ."