ಅಕ್ಕನ ಪಾದಕ್ಕೆ ಬಿಸಿಯಿಲ್ಲದ ಬೆಳಕು

ನಾನು ಆಡದೆ ಉಳಿಸಿಕೊಂಡ ಮಾತು ಬಹಳ ಸಣ್ಣದು: "ಹಚ್ಚಿದ್ದು ನಾನು." ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬಾಯಿಗೂ ಬರುವಂಥದ್ದು. ನನಗೆ ಮೂರು ತಿಂಗಳು ಬರಲಿಲ್ಲ.

ಸಯನ್ ಬಡಾವಣೆಯ ಹೋಟೆಲೊಂದರಲ್ಲಿ ನಾನು ದೋಸೆ ಹುಯ್ಯುವವನು. ಕಾವಲಿ ತಾಗಿ ಕೈ ಸುಟ್ಟಾಗಲೆಲ್ಲ ದೋಸೆ ಹಿಟ್ಟು ಬಳಿದುಕೊಳ್ಳುವುದು ನನ್ನ ಮದ್ದು. ವಾರದಲ್ಲಿ ವಾಸಿಯಾಗುತ್ತಿತ್ತು, ಬಳಿಯದಿದ್ದರೂ ಆಗುತ್ತಿತ್ತೇನೋ, ನೋಡುವ ತಾಳ್ಮೆ ನನಗಿರಲಿಲ್ಲ. ಹಾಗಾಗಿ ಗಂಜಿ ಬಸಿಯುವಾಗ, ನನ್ನ ಜೊತೆಗೇ ಇರುವ ಅಕ್ಕನ ಪಾದ ಸುಟ್ಟಾಗ, "ಡಾಕ್ಟ್ರ ಹತ್ರ ಹೋಗುವ ಮಾರಾಯ" ಎಂದವಳನ್ನು ಕೂರಿಸಿ, ವಾರವಿಡೀ ದಿನಕ್ಕೊಂದು ಸೌಟು ಹಿಟ್ಟು ಹರಡಿದೆ. ಅವಳಿಗೆ ಸಕ್ಕರೆ ಕಾಯಿಲೆ ಎಂಬುದು ನನಗೆ ನೆನಪಾದದ್ದು ಗಾಯದಲ್ಲಿ ಕೀವು ತುಂಬಿದ ಮೇಲೆ.

ಡಾಕ್ಟರು ಧಾರವಾಡದ ಕಡೆಯ ಹೆಂಗಸು. "ಇದಕ್ಕ ದ್ವಾಸಿ ಹಿಟ್ಟ ಹಚ್ಚಿದ ಶಾಣ್ಯಾ ಯಾರ್ರೀ? ಇನ್ನಷ್ಟ ತಡಾ ಮಾಡಿದ್ರ ಬೆರಳು ತೆಗೀಬೇಕಾಗ್ತಿತ್ತು!"

ನಾನು ಫ್ಯಾನು ನೋಡಿದೆ. "ನಾನೇ ಡಾಕ್ಟ್ರೇ" ಎಂದಳು ಅಕ್ಕ.

ಮಾತ್ರೆ, ಡ್ರೆಸ್ಸಿಂಗ್, ಜೊತೆಗೆ ವಾರಕ್ಕೆ ಮೂರು ಸಲ ಲೇಸರ್. ಚುರ್ರೆನ್ನುತ್ತದೆಂದು ನಾನು ಕಾದರೆ, ಪೆನ್ನಿನಂಥದ್ದರ ತುದಿಯಲ್ಲಿ ಬರೀ ಕೆಂಪು ಬೆಳಕು.

"ಬಿಸಿ ಉಂಟಾ ಅಕ್ಕ?"

"ಎಂತದೂ ಇಲ್ಲ."

"ಕಾವಲಿ ಕಾಯದೆ ದೋಸೆ ಏಳುವುದುಂಟಾ?" ಎಂದೆ. ಡಾಕ್ಟರು ನಕ್ಕರು: "ಇದು ಸುಡೋ ಲೇಸರ್ ಅಲ್ರೀ. ಮಲಗಿದ ಚರ್ಮಾನ ಎಬ್ಬಸೋದು. ಆದ್ರ ಇದೊಂದರಿಂದ ಆಗಂಗಿಲ್ಲ, ಸಕ್ಕರೀನೂ ಇಳೀಬೇಕು."

ಹೊಸ ರೋಗಿಗಳು ಬಂದಾಗಲೆಲ್ಲ ಅವರು ಅಕ್ಕನನ್ನು ತೋರಿಸುತ್ತಿದ್ದರು: "ಇವ್ರಂಗ ಹಿಟ್ಟ ಹಚ್ಚಬ್ಯಾಡ್ರಿ!" ಅಕ್ಕ ತಲೆ ತಗ್ಗಿಸುತ್ತಿದ್ದಳು. ಲೇಸರ್ ಕೋಣೆಯಲ್ಲಿ ಜೊತೆಗಿದ್ದವರಿಗೂ ಕೊಡುವ ಕಪ್ಪು ಕನ್ನಡಕದ ಹಿಂದೆ ನಾನು ಕ್ಷೇಮವಾಗಿದ್ದೆ.

ಆದರೆ ಗಾಯ ಅಂಚಿನಿಂದ ಒಳಕ್ಕೆ ಕೂಡುತ್ತ ಬಂತು. ಒಂದು ಬೆಳಿಗ್ಗೆ ಡಾಕ್ಟರು ಕೂಗಿದರು: "ಮುಚ್ಚೇತ್ರೀ! ಬರ್ರಿ ಎಲ್ಲಾರೂ, ನೋಡ್ರಿ!" ಐದು ಬೆರಳೂ ಇದ್ದ ಪಾದವನ್ನು ಅಕ್ಕ ಬಹುಮಾನದಂತೆ ಮುಂದೆ ಚಾಚಿದಳು. ಕಾದು ಕುಳಿತವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಕನ್ನಡಕ ತೆಗೆದೆ. "ಹಿಟ್ಟು ಹಚ್ಚಿದ್ದು ನಾನು, ಡಾಕ್ಟ್ರೇ."

"ಮೊದಲನೇ ದಿನಾನ ಗೊತ್ತಾಗಿತ್ರೀ. ತನ್ನ ಕಾಲಿಗೆ ಯಾರರ ಅಷ್ಟ ದುಂಡಗ, ಅಷ್ಟ ತೆಳ್ಳಗ ಹರಡ್ತಾರೇನು?"

ತಿರುಗಿ ನೋಡಿದರೆ, ನನ್ನ ಪಾಲಿನ ಬೈಗುಳ ಅಷ್ಟು ದಿನ ಹೊತ್ತ ಅಕ್ಕ ನನಗೆ ಕಾಯದೆ ಆಗಲೇ ಚಪ್ಪಲಿ ಮೆಟ್ಟಿ ಹೊರಟಾಗಿತ್ತು. ಮೂರು ತಿಂಗಳು ಕುಂಟಿದವಳನ್ನು ಹಿಡಿಯಲು ಎರಡೂ ಕಾಲು ನೆಟ್ಟಗಿದ್ದ ನಾನು ಸ್ಟೇಷನ್ ರಸ್ತೆಯಲ್ಲಿ ಓಡಬೇಕಾಯಿತು. ಏದುಸಿರು ಬಿಡುತ್ತ, ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡುವಂತೆ ಕೂಗಿದೆ:

"ಅಕ್ಕಾ, ನಿಲ್ಲು! ನಂದು ತಪ್ಪಾಯ್ತು ಅಕ್ಕ!"